ಸಂಕಟ ಮತ್ತು ಬಿಡುಗಡೆ: ಒಳಸೆರೆಯ ಚಿತ್ರಣವನ್ನು ಕುರಿತ ಒಂದು ಕಾವ್ಯವಿಚಾರ

೧

ಸಂಕಟವೆಂಬ ಶಬ್ದವು ಕನ್ನಡದಲ್ಲಿ ಬೇನೆ, ದುಃಖ, ಕಷ್ಟ ಎಂಬ ಅರ್ಥಗಳಲ್ಲಿ ರೂಢವಾಗಿರುವುದಷ್ಟೆ. ಹೊಟ್ಟೆಯ ಬೇನೆಯೂ ಸಂಕಟವೇ, ಮನಸ್ಸಿನ ಬೇಗೆಯೂ ಸಂಕಟವೇ. ಆದರೆ ಸಂಸ್ಕೃತದಲ್ಲಿ ಈ ಶಬ್ದದ ಮೊದಲಿನ ಅರ್ಥವು ಬೇರೆ. ಅಮರಸಿಂಹನು ಇದನ್ನು ಸಂಬಾಧವೆಂಬ ಶಬ್ದದ ಜೊತೆಯಲ್ಲಿ ಪಠಿಸಿದ್ದಾನೆ. ಎರಡಕ್ಕೂ ಕಿರಿದಾದುದು, ಎಡೆಯಿಲ್ಲದುದು ಎಂದು ಅರ್ಥ. ವೇದದ ಅಂಹಸ್ ಶಬ್ದವೂ ಇಂತಹುದೇ. ಅದು ಇರುಕನ್ನು ಹೇಳುತ್ತ ಕ್ಲೇಶವನ್ನೂ ಹೇಳುತ್ತದೆ. ಅದಕ್ಕೆ ಪ್ರತಿಯಾಗಿ ಋಷಿಗಳು ಬೇಡುವುದು ಉರುವಾದ, ಎಂದರೆ ವಿಸ್ತಾರವಾದ, ಎಡೆಯನ್ನು. ಅಚ್ಚಗನ್ನಡದ ಇಕ್ಕಟ್ಟು ಎಂಬ ಮಾತೂ ಇದೇ ದಾರಿಯಲ್ಲಿ ನಡೆದಿದೆ. ಓಣಿಯು ಇಕ್ಕಟ್ಟಾಗಿದೆ ಎನ್ನುವೆವು. ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡನು ಎಂದೂ ಎನ್ನುವೆವು. ದುಃಖವೆಂದರೆ ಎಡೆಯು ಕಿರಿದಾಗುವುದು, ಸುಖವೆಂದರೆ ಎಡೆಯು ತೆರೆಯುವುದು ಎಂಬ ಭಾವನೆಯು ನಮ್ಮ ಭಾಷೆಗಳ ತಳದಲ್ಲಿಯೇ ಇದೆಯೆಂಬುದು ಇದರಿಂದ ವಿದಿತವಾಗುತ್ತದೆ.

ಈಗಿನ ಸಾಹಿತ್ಯದಲ್ಲಿ ಮನುಷ್ಯನ ಒಂಟಿತನವೂ ಅವನ ಒಳಗಿನ ಸೆರೆಯೂ ಮುಖ್ಯವಾದ ವಸ್ತುಗಳಾಗಿವೆ. ಇದು ಪಶ್ಚಿಮದಿಂದ ನವ್ಯರ ಕಾಲದಲ್ಲಿ ಬಂದ ಆಮದು ಸರಕು, ನಮ್ಮ ಪ್ರಾಚೀನರಿಗೆ ಇದರ ಗಂಧವಿರಲಿಲ್ಲ ಎಂದು ಕೆಲವರು. ನಮ್ಮ ಅಲಂಕಾರಶಾಸ್ತ್ರದಿಂದ ಇಂತಹ ಕೃತಿಗಳನ್ನು ಅಳೆಯಲಾಗದು ಎಂದು ಮತ್ತೆ ಕೆಲವರು. ಈ ಎರಡು ಮಾತುಗಳನ್ನೂ ಕೇಳಿದ ಅಧ್ಯಾಪಕನು ತರಗತಿಯಲ್ಲಿ ಹಳಗನ್ನಡಕ್ಕೆ ಒಂದು ಮನಸ್ಸನ್ನೂ ಹೊಸಗನ್ನಡಕ್ಕೆ ಇನ್ನೊಂದು ಮನಸ್ಸನ್ನೂ ಇಟ್ಟುಕೊಂಡು ಪಾಠ ಹೇಳುವಂತಾಗಿದೆ. ಇದರಿಂದ ನಷ್ಟವು ಎರಡು ಕಡೆಗೂ ಇದೆ. ಆದುದರಿಂದ ಈ ವಿಷಯವನ್ನು ಮೂಲದಿಂದ ವಿಚಾರಿಸುವುದು ಆವಶ್ಯಕ.

೨

ಮೊದಲು ಶಾಸ್ತ್ರದ ಕೊರತೆಯನ್ನು ಒಪ್ಪಿಕೊಳ್ಳಬೇಕು. ಭರತಮುನಿಯು ಹೇಳಿದ ಸ್ಥಾಯಿಭಾವಗಳು ೮, ವ್ಯಭಿಚಾರಿಗಳು ೩೩, ಸಾತ್ತ್ವಿಕಗಳು ೮. ಇವುಗಳಲ್ಲಿ ಒಂಟಿತನವೆಂಬ ಹೆಸರಿನ ಭಾವವಿಲ್ಲ. ಅದರ ಅಂಗಗಳು ಮಾತ್ರ ವ್ಯಭಿಚಾರಿಗಳ ಗಣದಲ್ಲಿ ಚೆದರಿಕೊಂಡಿವೆ: ನಿರ್ವೇದ, ಗ್ಲಾನಿ, ಶಂಕೆ, ದೈನ್ಯ, ಚಿಂತೆ, ವಿಷಾದ, ಜಡತೆ. ಇದನ್ನು ಕರುಣದಲ್ಲಿ ಸೇರಿಸೋಣವೆಂದರೆ ಕರುಣಕ್ಕೆ ಇಷ್ಟನಾಶವು ಬೇಕು. ಒಳಗೆ ಸೆರೆಯಾದವನಿಗೆ ಹೆಂಡತಿಯೂ ನೆಂಟರೂ ಊರೂ ಇರಬಹುದು. ವಿಪ್ರಲಂಭದಲ್ಲಿ ಸೇರಿಸೋಣವೆಂದರೆ ಅಲ್ಲಿ ಕೂಡುವ ಆಸೆಯು ಉಳಿದಿರಬೇಕು. ಕರುಣವು ನಿರಪೇಕ್ಷ, ವಿಪ್ರಲಂಭವು ಸಾಪೇಕ್ಷ ಎಂದು ಮುನಿಯೇ ಭೇದವನ್ನು ಮಾಡಿದ್ದಾನೆ. ಇವನಿಗಾದರೋ ಯಾರನ್ನು ಕೂಡಬೇಕೆಂಬುದೇ ತಿಳಿಯದು. ಆಲಂಬನವಿಲ್ಲದ ದುಃಖವಿದು. ಶಾಂತಕ್ಕೆ ನಿರ್ವೇದವೇ ಸ್ಥಾಯಿಯೆಂದು ಮಮ್ಮಟನ ಮತ. ಆದರೆ ಆ ನಿರ್ವೇದವು ತತ್ತ್ವಜ್ಞಾನದಿಂದ ಹುಟ್ಟಿದುದು. ಅವಮಾನದಿಂದಲೋ ಬಡತನದಿಂದಲೋ ಹುಟ್ಟಿದ ನಿರ್ವೇದವು ಶಾಂತವಾಗಲಾರದು. ಹೀಗೆ ಒಳಸೆರೆಯು ಎಂಟು ಅಥವಾ ಒಂಬತ್ತು ರಸಗಳ ಯಾವ ಮನೆಯಲ್ಲಿಯೂ ನೆಟ್ಟಗೆ ಕುಳಿತುಕೊಳ್ಳದು.

ಹಾಗಾದರೆ ಶಾಸ್ತ್ರಕ್ಕೆ ಈ ವಿಷಯದಲ್ಲಿ ಹೇಳುವುದೇನೂ ಇಲ್ಲವೋ ಎಂದರೆ, ಇದೆ. ಆದರೆ ಅದು ಪಾತ್ರದ ಭಾವವನ್ನು ಹೇಳುವ ಪ್ರಕರಣದಲ್ಲಿಲ್ಲ. ಸಹೃದಯನ ಚಿತ್ತವನ್ನು ಹೇಳುವ ಪ್ರಕರಣದಲ್ಲಿದೆ. ಭಟ್ಟನಾಯಕನ ಹೃದಯದರ್ಪಣವು ಈಗ ಲುಪ್ತವಾಗಿದ್ದು, ಅವನ ಮತವು ಮುಖ್ಯವಾಗಿ ಅಭಿನವಗುಪ್ತಪಾದರ ಅಭಿನವಭಾರತಿ, ಲೋಚನಗಳ ಮೂಲಕವೇ ನಮಗೆ ತಿಳಿಯುವುದು. ಪ್ರತಿಯೊಬ್ಬನ ಚಿತ್ತವನ್ನೂ ಅವನವನ ದಟ್ಟವಾದ ಮೋಹವು ಇಕ್ಕಟ್ಟುಗೊಳಿಸಿರುತ್ತದೆ. ಕಾವ್ಯದ ಭಾವಕತ್ವವೆಂಬ ವ್ಯಾಪಾರವು ವಿಭಾವಾದಿಗಳನ್ನು ಸಾಧಾರಣೀಕರಿಸಿ ಆ ಇಕ್ಕಟ್ಟನ್ನು ಕಳೆಯುತ್ತದೆ ಎಂಬುದು ಅವನ ಸಿದ್ಧಾಂತದ ತಾತ್ಪರ್ಯ. ಇಲ್ಲಿ ಅವನು ಬಳಸಿರುವ ಶಬ್ದವು ಸಂಕಟವೇ ಎಂಬುದನ್ನು ಗಮನಿಸಬೇಕು. ಅಭಿನವಗುಪ್ತರು ಇದನ್ನೇ ಇನ್ನೊಂದು ಬಗೆಯಿಂದ ವಿಸ್ತರಿಸಿ ರಸಪ್ರತೀತಿಗೆ ೭ ವಿಘ್ನಗಳನ್ನು ಎಣಿಸಿದರು. ಅವುಗಳಲ್ಲಿ ಒಂದು, ಇದು ನನ್ನದು ಅಥವಾ ಇದು ಪರನದು ಎಂಬ ಕಟ್ಟು. ಮತ್ತೊಂದು, ತನ್ನ ಸುಖದುಃಖಗಳಿಗೆ ತಾನೇ ವಶನಾಗಿಬಿಡುವುದು. ತನ್ನ ಚಿಂತೆಯಲ್ಲಿ ಮುಳುಗಿದವನ ಸಂವಿತ್ತು ಬೇರೊಂದು ವಸ್ತುವಿನಲ್ಲಿ ಹೇಗೆ ವಿಶ್ರಮಿಸೀತು? ಇದಕ್ಕೆ ಪರಿಹಾರವಾಗಿ ಅವರು ಉಪದೇಶವನ್ನು ಹೇಳಲಿಲ್ಲ. ಗಾನ, ವಾದ್ಯ, ಚಿತ್ರವಿಚಿತ್ರವಾದ ಮಂಟಪ ಮುಂತಾದ ರಂಗದ ಸಾಮಗ್ರಿಯನ್ನೇ ಹೇಳಿದರು. ಇವುಗಳಿಂದ ಹೃದಯವಿಲ್ಲದವನೂ ಸಹೃದಯನಾಗುತ್ತಾನೆಂದು ಅವರ ಅಭಿಪ್ರಾಯ.

ಆದುದರಿಂದ ಶಾಸ್ತ್ರದ ದೃಷ್ಟಿಯಲ್ಲಿ ಒಳಸೆರೆಯೆಂಬುದು ಕೆಲವು ನತದೃಷ್ಟರ ರೋಗವಲ್ಲ; ಲೋಕದಲ್ಲಿರುವ ಎಲ್ಲರ ಸಹಜಸ್ಥಿತಿ. ಕಾವ್ಯವು ಅದರಿಂದ ಹೊರಕ್ಕೆ ಬರುವ ಬಾಗಿಲು. ಒಳಸೆರೆಯನ್ನೇ ವಸ್ತುವಾಗಿ ಉಳ್ಳ ಕಾವ್ಯವು ಕಾವ್ಯಮಾತ್ರದ ಕೆಲಸವನ್ನು ತನ್ನ ಕಥೆಯಲ್ಲಿಯೇ ತೋರಿಸುತ್ತದೆ. ಈ ಮಾತನ್ನು ಕನ್ನಡದ ನಾಲ್ಕು ಕೃತಿಗಳಿಂದ ಪರೀಕ್ಷಿಸಬಹುದು.

೩

ಅಭಿನವಗುಪ್ತರು ಕಾಶ್ಮೀರದಲ್ಲಿ ಗ್ರಂಥರಚನೆ ಮಾಡುತ್ತಿದ್ದ ಕಾಲದಲ್ಲಿಯೇ ಕನ್ನಡ ನಾಡಿನಲ್ಲಿ ರನ್ನನು ಕಾವ್ಯರಚನೆ ಮಾಡುತ್ತಿದ್ದನು. ಅಜಿತಪುರಾಣದ ಕಾಲವು ಕ್ರಿ. ಶ. ೯೯೩. ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನೊಡನೆ ಅಭೇದವಾಗಿ ವರ್ಣಿಸಿದ ಸಾಹಸಭೀಮವಿಜಯವೇ ಗದಾಯುದ್ಧವೆಂದು ಪ್ರಸಿದ್ಧವಾದುದು. ಇದರಲ್ಲಿ ೧೦ ಆಶ್ವಾಸಗಳಿವೆ. ಕಾವ್ಯದ ನಾಯಕನು ಭೀಮನಾದರೂ ವಾಚಕರ ಮನಸ್ಸು ನಿಲ್ಲುವುದು ದುರ್ಯೋಧನನಲ್ಲಿ ಎಂಬುದು ಬಹುಕಾಲದ ಚರ್ಚೆ. ಬಿ. ಎಂ. ಶ್ರೀಕಂಠಯ್ಯನವರು ೧೯೨೬ರಲ್ಲಿ ಇದನ್ನು ನಾಟಕಕ್ಕೆ ಅಳವಡಿಸಿದುದರಲ್ಲಿಯೂ ಈ ಒಲವು ಕಾಣುತ್ತದೆ.

ದುರ್ಯೋಧನನು ಸಂಜಯನೊಡನೆ ರಣಭೂಮಿಯಲ್ಲಿ ನಡೆದು ಹೋಗುವ ಭಾಗವನ್ನು ಪ್ರಕೃತ ದೃಷ್ಟಿಯಿಂದ ನೋಡಬೇಕು. ದ್ರೋಣ, ಅಭಿಮನ್ಯು, ಲಕ್ಷಣಕುಮಾರ, ದುಶ್ಶಾಸನ, ಕರ್ಣ ಹೀಗೆ ಒಬ್ಬೊಬ್ಬರ ಕಳೇಬರವನ್ನು ಕಂಡು ಅವನು ನಿಲ್ಲುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿನ ಪರಾಕ್ರಮವನ್ನು ಅವನು ಕೊಂಡಾಡುವ ಎಡೆಯಲ್ಲಿ ನನ್ನವನು, ಪರನವನು ಎಂಬ ಕಟ್ಟು ಒಂದು ಗಳಿಗೆ ಸಡಿಲುತ್ತದೆ. ಅಷ್ಟರಲ್ಲಿಯೇ ಛಲವು ಅದನ್ನು ಮತ್ತೆ ಬಿಗಿಯುತ್ತದೆ. ಸಂಧಿಯನ್ನು ಮಾಡಿಕೊಳ್ಳೆಂದ ಭೀಷ್ಮರ ಮಾತು ಹಿಡಿಸುವುದಿಲ್ಲ. ಕೊನೆಗೆ ಅವರು ಹೇಳಿದಂತೆ ವೈಶಂಪಾಯನ ಸರೋವರವನ್ನು ಹೊಗುತ್ತಾನೆ.

ಆ ನೀರು ಅವನ ಮನಸ್ಸಿನ ರೂಪವೇ ಆಗಿದೆ. ನಾಲ್ಕು ಕಡೆಯೂ ತಂಪು. ಒಳಗೆ ಮಾತ್ರ ಬೇಗೆ. ಭೀಮನ ಗರ್ಜನೆಯನ್ನು ಕೇಳಿ ನೀರಿನಲ್ಲಿದ್ದೂ ಅವನು ಬೆವರಿದನೆಂಬ ಕಲ್ಪನೆಯು ಕನ್ನಡಿಗರೆಲ್ಲರ ಬಾಯಲ್ಲಿದೆ. ಅದನ್ನು ರೋಷದ ವರ್ಣನೆಯೆಂದು ಮಾತ್ರ ಪಾಠ ಹೇಳಿ ಬಿಡುವ ವಾಡಿಕೆಯಿದೆ. ಹೊರಗಿನ ತಂಪು ಒಳಗನ್ನು ಮುಟ್ಟದ ಸ್ಥಿತಿಯೂ ಅದರಲ್ಲಿ ಧ್ವನಿತವಾಗುತ್ತದೆ. ಅವನು ನೀರಿನಿಂದ ಹೊರಕ್ಕೆ ಬರುತ್ತಾನೆ, ಆದರೆ ಸೆರೆಯಿಂದ ಬರುವುದಿಲ್ಲ. ಯಾವ ಅಭಿಮಾನವು ಅವನನ್ನು ಒಳಗೆ ಇರಿಸಿತ್ತೋ ಅದೇ ಅಭಿಮಾನವು ಅವನನ್ನು ಹೊರಕ್ಕೆ ಎಳೆಯಿತು. ಬಿಡುಗಡೆಯಂತೆ ತೋರಿದರೂ ಬಿಡುಗಡೆಯಲ್ಲದ ಈ ಹೊರಬರುವಿಕೆಯೇ ಆ ಪಾತ್ರದ ದುರಂತ.

೪

ರನ್ನನ ತರುವಾಯ ಹಂಪೆಯ ಹರಿಹರನ ಪ್ರಭುದೇವರ ರಗಳೆಯನ್ನು ನೋಡೋಣ. ಮದ್ದಳೆಗಾರನಾದ ಅಲ್ಲಮನು ಕಮಲತೆಯಲ್ಲಿ ಅನುರಕ್ತನಾಗಿದ್ದು, ಅವಳು ಜ್ವರದಿಂದ ಕಾಲವಾಗಲು ದಿಕ್ಕುಗೆಟ್ಟು ಅಲೆಯುತ್ತಾನೆ. ಒಂದು ತೋಪಿನಲ್ಲಿ ಕುಳಿತು ಯೋಚನೆಯಿಲ್ಲದೆ ಕಾಲುಗುರಿನಿಂದ ನೆಲವನ್ನು ಕೆರೆಯುತ್ತಿರುವಾಗ ಕಳಸವೊಂದು ಕಾಣುತ್ತದೆ. ಅಗೆಸಿ ನೋಡಲು ಮಣ್ಣಿನ ಅಡಿಯಲ್ಲಿ ಇಡಿಯ ಗುಡಿಯೇ ಇದೆ. ಮುಚ್ಚಿದ ಬಾಗಿಲಿನ ಒಳಗೆ ಅನಿಮಿಷಯ್ಯನು ಲಿಂಗವನ್ನು ಹಿಡಿದು ಸಮಾಧಿಯಲ್ಲಿದ್ದಾನೆ. ಆ ಲಿಂಗವು ಅಲ್ಲಮನ ಕೈಗೆ ಬರುತ್ತದೆ. ಗುಹೇಶ್ವರನೆಂಬ ಅಂಕಿತದಲ್ಲಿ ಈ ಗುಹೆಯ ನೆನಪು ಉಳಿದಿದೆಯೆಂದು ತಿಳಿಯುವುದು ಅಸಂಗತವಲ್ಲ.

ಇದೇ ಅಲ್ಲಮನ ಚರಿತ್ರೆಯನ್ನು ೧೫ನೆಯ ಶತಮಾನದಲ್ಲಿ ಚಾಮರಸನು ಪ್ರಭುಲಿಂಗಲೀಲೆಯ ೨೫ ಗತಿಗಳಲ್ಲಿ ಹೇಳಿದನು. ಅಲ್ಲಿ ಅಲ್ಲಮನು ಮೊದಲಿನಿಂದಲೂ ನಿರ್ಲಿಪ್ತ. ಬನವಸೆಯಲ್ಲಿ ಹುಟ್ಟಿದ ಮಾಯೆಯು ಅವನನ್ನು ಹಿಡಿಯಲಾರದೆ ಸೋಲುತ್ತಾಳೆ. ಸೆರೆಯೇ ಇಲ್ಲದ ಕಡೆ ಬಿಡುಗಡೆಯ ಮಾತೂ ಇಲ್ಲ. ಮತದೃಷ್ಟಿಯಿಂದ ಚಾಮರಸನ ಅಲ್ಲಮನು ದೊಡ್ಡವನು ಎನ್ನುವವರಿಗೆ ಅಡ್ಡಿಯಿಲ್ಲ. ಆದರೆ ದುಃಖದಲ್ಲಿ ಮುಳುಗಿದ ಓದುಗನಿಗೆ ಹತ್ತಿರದವನು ಹರಿಹರನ ಅಲ್ಲಮನೇ. ಅವನು ಬೇಡದೆ, ಹುಡುಕದೆ, ದುಃಖದ ಜಡತೆಯಲ್ಲಿಯೇ ನೆಲವನ್ನು ಕೆರೆದನು; ತನ್ನ ಕಾಲ ಕೆಳಗೆ ಹೂತಿದ್ದುದು ಕಂಡಿತು. ಮತ್ತೊಂದು ಅಂಶವಿದೆ. ಬಾಗಿಲನ್ನು ತೆರೆದಾಗ ಒಳಗೆ ಬರಿಯ ಶೂನ್ಯವಿರಲಿಲ್ಲ, ಒಬ್ಬನು ಕುಳಿತಿದ್ದನು. ಎದುರಿಗೆ ಇನ್ನೊಬ್ಬನಿಲ್ಲದೆ ಬಿಡುಗಡೆಯಿಲ್ಲವೆಂಬುದು ಈ ಕಥೆಯ ಗುಟ್ಟು.

ಇದರಿಂದ, ಒಂಟಿತನದ ವಸ್ತುವು ಆಮದಿನದು ಎಂಬ ಮೊದಲನೆಯ ಆಕ್ಷೇಪವು ನಿಲ್ಲುವುದಿಲ್ಲವೆಂದು ಸ್ಪಷ್ಟವಾಗುತ್ತದೆ. ನವ್ಯರು ಹೊಸದಾಗಿ ತಂದುದು ವಸ್ತುವನ್ನಲ್ಲ. ದೇವರ ಕೈಯಿಂದ ಬರುವ ಪರಿಹಾರವನ್ನು ಒಪ್ಪದ ಸಂಶಯವನ್ನು.

೫

ಆ ಸಂಶಯವು ಪೂರ್ಣವಾಗಿ ಮೈದಾಳಿರುವುದು ಯು. ಆರ್. ಅನಂತಮೂರ್ತಿಯವರ ಸಂಸ್ಕಾರದಲ್ಲಿ. ೧೯೬೫ರಲ್ಲಿ ಪ್ರಕಟವಾದ ಈ ಕಾದಂಬರಿಯ ನಾಯಕನಾದ ಪ್ರಾಣೇಶಾಚಾರ್ಯನು ಕಾಶಿಯಲ್ಲಿ ಓದಿದ ವೇದಾಂತಶಿರೋಮಣಿ. ರೋಗಿಯಾದ ಹೆಂಡತಿಯ ಶುಶ್ರೂಷೆಯನ್ನೇ ಮುಕ್ತಿಯ ಮಾರ್ಗವೆಂದು ತಾನಾಗಿ ಆರಿಸಿಕೊಂಡವನು. ದೂರ್ವಾಸಪುರದ ಅಗ್ರಹಾರಕ್ಕೆಲ್ಲ ಅವನು ಹಿರಿಯ. ಆದರೂ ಒಬ್ಬನೊಡನೆಯೂ ಮನಸ್ಸು ಬಿಚ್ಚಿದವನಲ್ಲ. ಇಲ್ಲಿ ಸೆರೆಯ ಗೋಡೆಗಳು ದುರ್ಗುಣಗಳಿಂದ ಕಟ್ಟಿದವುಗಳಲ್ಲ; ತ್ಯಾಗ, ವಿದ್ಯೆ, ಕೀರ್ತಿಗಳೆಂಬ ಸದ್ಗುಣಗಳಿಂದಲೇ ಕಟ್ಟಿದವು. ಹೀಗಾಗಿ ಅವು ಗೋಡೆಗಳೆಂದು ಅವನಿಗೇ ತೋರಲಿಲ್ಲ.

ನಾರಣಪ್ಪನ ಶವಸಂಸ್ಕಾರವನ್ನು ಯಾರು ಮಾಡಬೇಕೆಂಬ ಪ್ರಶ್ನೆಯು ಬಂದಾಗ ಅವನು ಓಲೆಗರಿಗಳಲ್ಲಿ ಉತ್ತರವನ್ನು ಹುಡುಕಿದನು, ದೊರೆಯಲಿಲ್ಲ. ಮಾರುತಿಯ ಗುಡಿಯಲ್ಲಿ ಪ್ರಸಾದಕ್ಕಾಗಿ ಕಾದು ಕುಳಿತನು, ಹೂವು ಬೀಳಲಿಲ್ಲ. ಹರಿಹರನ ಅಲ್ಲಮನಿಗೆ ತೆರೆದ ಬಾಗಿಲು ಇವನಿಗೆ ತೆರೆಯದೆ, ಕಾಡಿನ ಕತ್ತಲೆಯಲ್ಲಿ ಚಂದ್ರಿಯ ಸ್ಪರ್ಶವು ಗೋಡೆಯನ್ನು ಒಡೆಯಿತು. ತರುವಾಯ ಅವನಿಗೆ ಉಳಿದುದು ಒಂದೇ ಕಷ್ಟ: ನಡೆದುದನ್ನು ಬಾಯಿಬಿಟ್ಟು ಹೇಳುವುದು. ಮೇಳಿಗೆಯ ಜಾತ್ರೆಯ ಗದ್ದಲದಲ್ಲಿ ಮಾಲೇರ ಪುಟ್ಟನು ಎಡೆಬಿಡದೆ ಮಾತಾಡುತ್ತ ಜೊತೆಗೆ ಬರುತ್ತಾನೆ. ಆಚಾರ್ಯನು ತನ್ನ ಗುರುತನ್ನೇ ಅಡಗಿಸುತ್ತಾನೆ. ಜನರ ನಡುವೆ ಇರುವುದೇ ಒಂಟಿತನಕ್ಕೆ ಔಷಧವಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ದುರ್ಲಭ. ಕಾದಂಬರಿಯು ಗಾಡಿಯಲ್ಲಿ ಅಗ್ರಹಾರದ ಕಡೆಗೆ ಹೊರಟ ಆಚಾರ್ಯನ ಕಾತರದಲ್ಲಿ ಮುಗಿಯುತ್ತದೆ. ಅವನು ಹೇಳಿದನೋ ಇಲ್ಲವೋ ಎಂಬುದನ್ನು ಲೇಖಕರು ಬಿಟ್ಟುಕೊಡಲಿಲ್ಲ. ಹೊಸ್ತಿಲವರೆಗೆ ಕರೆತಂದು ನಿಲ್ಲಿಸಿದರು. ಸಂಸ್ಕೃತಪಾಠಶಾಲೆಗಳಲ್ಲಿ ಬೆಳೆದ ವಿದ್ವಾಂಸರಿಗೆ ಈ ಕೃತಿಯು ಮೊದಲು ಕಹಿಯಾಗಿ ತೋರುವುದು ಸಹಜ. ಆದರೆ ವಿದ್ಯೆಯೂ ಸೆರೆಯಾಗಬಲ್ಲದೆಂಬ ಮಾತು ಉಪನಿಷತ್ತುಗಳನ್ನು ಬಲ್ಲವರಿಗೆ ಹೊಸದಲ್ಲ.

೬

ಹೇಳದೆ ಉಳಿದುದು ಏನಾಗುತ್ತದೆ ಎಂಬ ಪ್ರಶ್ನೆಗೆ ಕನ್ನಡದ ಜಾನಪದವು ಬಹಳ ಹಿಂದೆಯೇ ಉತ್ತರವನ್ನು ಕೊಟ್ಟಿದೆ. ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿದ ಒಂದು ಕಥೆಯಲ್ಲಿ ಒಬ್ಬ ಗೃಹಿಣಿಗೆ ಒಂದು ಕಥೆಯೂ ಒಂದು ಹಾಡೂ ಗೊತ್ತಿರುತ್ತವೆ; ಅವಳು ಯಾರಿಗೂ ಹೇಳುವುದಿಲ್ಲ. ಒಳಗೆ ಉಸಿರುಕಟ್ಟಿದ ಅವೆರಡೂ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದು, ಒಂದು ಅಂಗಿಯಾಗಿಯೂ ಒಂದು ಜೊತೆ ಮೆಟ್ಟಾಗಿಯೂ ಬಾಗಿಲಲ್ಲಿ ಕಾಣಿಸಿಕೊಳ್ಳುತ್ತವೆ. ಗಂಡನು ಸಂಶಯಪಟ್ಟು ಜಗಳವಾಡಿ ಹನುಮಂತರಾಯನ ಗುಡಿಗೆ ಹೋಗಿ ಮಲಗುತ್ತಾನೆ. ಊರಿನ ದೀಪಗಳೆಲ್ಲ ಆರಿದ ಬಳಿಕ ಅವುಗಳ ಜ್ವಾಲೆಗಳು ಆ ಗುಡಿಯಲ್ಲಿ ಸೇರಿ ಹರಟುವುದನ್ನು ಕೇಳಿ ಅವನಿಗೆ ನಿಜವು ತಿಳಿಯುತ್ತದೆ. ಮನೆಗೆ ಬಂದು ಕಥೆಯನ್ನು ಕೇಳಿದರೆ ಅವಳಿಗೆ ಅದು ಮರೆತೇ ಹೋಗಿದೆ.

ಗಿರೀಶ ಕಾರ್ನಾಡರು ೧೯೮೮ರಲ್ಲಿ ಪ್ರಕಟಿಸಿದ ನಾಗಮಂಡಲವು ಈ ಕಥೆಯನ್ನು ಹೊರಚೌಕಟ್ಟಾಗಿಯೂ, ರಾಮಾನುಜನ್ ಅವರಿಂದಲೇ ತಿಳಿದ ಮತ್ತೊಂದು ಕಥೆಯನ್ನು ಒಳಕಥೆಯಾಗಿಯೂ ಮಾಡಿಕೊಂಡಿದೆ. ನೋಡುವವರನ್ನು ತನ್ನ ನಾಟಕಗಳಿಂದ ನಿದ್ದೆಗೆಡಹಿದ ಪಾಪಕ್ಕಾಗಿ ಸಾವಿನ ಶಾಪವನ್ನು ಪಡೆದ ಲೇಖಕನೊಬ್ಬನು ಹಾಳುಗುಡಿಯಲ್ಲಿ ಎಚ್ಚರವಾಗಿ ಕುಳಿತಿದ್ದಾನೆ. ಅಲ್ಲಿಗೆ ಜ್ವಾಲೆಗಳೂ, ಹೆಣ್ಣಿನ ರೂಪದ ಕಥೆಯೂ ಬರುತ್ತವೆ. ಒಳಕಥೆಯ ರಾಣಿಯನ್ನು ಗಂಡನಾದ ಅಪ್ಪಣ್ಣನು ಮನೆಯೊಳಗಿಟ್ಟು ಬೀಗ ಹಾಕಿ ಹೋಗುತ್ತಾನೆ, ಮಧ್ಯಾಹ್ನದ ಊಟಕ್ಕೆ ಮಾತ್ರ ಬರುತ್ತಾನೆ. ರಾತ್ರಿ ಅವನ ರೂಪದಲ್ಲಿ ಬರುವ ನಾಗನು ಮೊದಲು ಮಾಡುವ ಕೆಲಸವೆಂದರೆ ಅವಳ ತಾಯಿತಂದೆಗಳನ್ನು ಕುರಿತು ಕೇಳುವುದು, ಅವಳು ಹೇಳಿದುದನ್ನು ಆಲಿಸುವುದು. ಬೀಗವು ತೆಗೆಯುವುದಕ್ಕೆ ಮೊದಲೇ ಅವಳ ಒಳಸೆರೆಯು ಸಡಿಲವಾದುದು ಈ ಆಲಿಸುವಿಕೆಯಿಂದ. ಕಡೆಗೆ ಪಂಚಾಯಿತರ ಮುಂದೆ ಹುತ್ತದಲ್ಲಿ ಕೈಯಿಟ್ಟು ಹಾವನ್ನು ಹಿಡಿದು ಅವಳು ಮಾಡುವ ಪ್ರಮಾಣವು ಅವಳು ಊರಿಗೆಲ್ಲ ಕೇಳುವಂತೆ ಆಡಿದ ಮೊದಲ ಮಾತು. ಅದೇ ಅವಳ ಬಿಡುಗಡೆ. ೧೯೯೭ರಲ್ಲಿ ಟಿ. ಎಸ್. ನಾಗಾಭರಣರು ಇದನ್ನು ಚಲನಚಿತ್ರವಾಗಿಸಿದರು.

೭

ಇಲ್ಲಿ ಒಂದು ಶಂಕೆಯು ಹುಟ್ಟುತ್ತದೆ. ಹೇಳಿಕೊಳ್ಳುವುದರಿಂದಲೇ ಬಿಡುಗಡೆಯಾಗುವುದಾದರೆ ಅತ್ತರೆ ಸಾಲದೇ, ಕಾವ್ಯವೇಕೆ? ಸಮಾಧಾನವೇನೆಂದರೆ, ಅಳುವುದರಿಂದ ದುಃಖವು ಇಳಿಯಬಹುದು, ಸಂಕಟವು ಹಿಗ್ಗಲಾರದು. ಕ್ರೌಂಚವಧೆಯನ್ನು ಕಂಡ ಆದಿಕವಿಯ ಶೋಕವು ಶ್ಲೋಕವಾದುದನ್ನು ವ್ಯಾಖ್ಯಾನಿಸುತ್ತ ಅಭಿನವಗುಪ್ತರು ಆ ಶೋಕವನ್ನು ಮುನಿಯ ಸ್ವಂತ ಶೋಕವೆಂದು ತಿಳಿಯಬಾರದೆಂದು ಎಚ್ಚರಿಸಿದ್ದಾರೆ. ಸ್ವಂತ ದುಃಖದಿಂದ ನರಳುವವನಿಗೆ ಪದ್ಯವು ಹೊರಡದು. ದುಃಖವು ನನ್ನದೆಂಬ ಕಟ್ಟನ್ನು ಕಳಚಿಕೊಂಡು ಎಲ್ಲರದೂ ಆದಾಗ ಮಾತ್ರ ಕಾವ್ಯ. ಜಾನಪದ ಕಥೆಯೂ ಇದನ್ನೇ ಹೇಳುತ್ತದೆ. ಆ ಗೃಹಿಣಿಯು ಒಳಗೆ ಮುಚ್ಚಿಟ್ಟುದು ತನ್ನ ದುಃಖವನ್ನಲ್ಲ, ಒಂದು ಕಥೆಯನ್ನು. ಎಲ್ಲರಿಗೂ ಸಲ್ಲಬೇಕಾದುದನ್ನು ತನ್ನಲ್ಲಿಯೇ ಇಟ್ಟುಕೊಂಡುದರಿಂದ ಮನೆಯಲ್ಲಿ ಸಂಶಯವು ಹುಟ್ಟಿತು. ಶಾಸ್ತ್ರಕಾರರ ಸಾಧಾರಣೀಕರಣವೂ ಅಜ್ಜಿಯರ ಕಥೆಯೂ ಒಂದೇ ತಾತ್ಪರ್ಯದಲ್ಲಿ ಸೇರುವುದು ಆಶ್ಚರ್ಯವಾದರೂ ನಿಜ.

ಹೀಗಿರಲು ಎರಡನೆಯ ಆಕ್ಷೇಪಕ್ಕೂ ಉತ್ತರವಾಯಿತು. ಒಳಸೆರೆಗೆ ರಸದ ಹೆಸರನ್ನು ಕೊಡಲು ಶಾಸ್ತ್ರವು ಸಮರ್ಥವಲ್ಲ. ಅದರ ಬಿಡುಗಡೆಯ ಬಗೆಯನ್ನು ಹೇಳಲು ಸಮರ್ಥ. ದುರ್ಯೋಧನನಿಗೆ ಕಟ್ಟು ಸಡಿಲಿ ಮತ್ತೆ ಬಿಗಿಯಿತು, ಅಲ್ಲಮನಿಗೆ ಕಳಚಿತು, ಪ್ರಾಣೇಶಾಚಾರ್ಯನು ಹೊಸ್ತಿಲಲ್ಲಿ ನಿಂತನು, ರಾಣಿಯು ಮಾತಿನಿಂದ ದಾಟಿದಳು. ನಾಲ್ವರನ್ನೂ ಒಂದೇ ಅಳತೆಗೋಲಿನಿಂದ ಅಳೆಯಬಹುದು.

ಬೆಂಗಳೂರಿನ ಪಶ್ಚಿಮದಲ್ಲಿ, ಕೆಂಗೇರಿಗೆ ಹೋಗುವ ದಿಕ್ಕಿನಲ್ಲಿ, ವಿಶ್ವವಿದ್ಯಾನಿಲಯದ ಜ್ಞಾನಭಾರತಿಗೆ ಹೊಂದಿಕೊಂಡ ಮಲ್ಲತ್ತಹಳ್ಳಿಯ ಕಲಾಗ್ರಾಮವಿದೆ. ಭಾರತೀಯ ಕಾವ್ಯಮೀಮಾಂಸೆಯನ್ನು ಹೊಸ ಕಾವ್ಯದೊಡನೆ ಮಾತಾಡಿಸಿದ, ಕಾವ್ಯಾರ್ಥಚಿಂತನಕ್ಕಾಗಿ ೧೯೮೪ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಜಿ. ಎಸ್. ಶಿವರುದ್ರಪ್ಪನವರ ಅಂತ್ಯಸಂಸ್ಕಾರವು ೨೦೧೩ರ ಡಿಸೆಂಬರಿನಲ್ಲಿ ಅಲ್ಲಿಯೇ ನಡೆಯಿತು. ಸಂಸ್ಕಾರದ ಕರ್ತೃವಾದ ಅನಂತಮೂರ್ತಿಯವರದೂ ೨೦೧೪ರ ಆಗಸ್ಟಿನಲ್ಲಿ ಅಲ್ಲಿಯೇ. ಶಾಸ್ತ್ರವನ್ನು ಬಿಡದವರೂ ಶಾಸ್ತ್ರವನ್ನು ಪ್ರಶ್ನಿಸಿದವರೂ ಒಂದೇ ಆವರಣದಲ್ಲಿ ಭಸ್ಮವಾಗಿದ್ದಾರೆ. ಅದೇ ಆವರಣದಲ್ಲಿ ನಾಟಕವನ್ನು ಕಲಿಸುವ ಶಾಲೆಯೂ ರಂಗಮಂದಿರವೂ ಇವೆ. ಸುತ್ತಲಿನ ವಿಜಯನಗರ, ಬಸವೇಶ್ವರನಗರ, ರಾಜಾಜಿನಗರಗಳಲ್ಲಿ ಮನೆಯು ಮನೆಗೆ ಅಂಟಿಕೊಂಡಿದೆ. ಗೋಡೆಯಾಚೆಯವರ ಹೆಸರನ್ನು ಅರಿಯದವರು ಬಹಳ ಮಂದಿ. ಸಂಕಟವೆಂಬ ಶಬ್ದದ ಎರಡು ಅರ್ಥಗಳೂ ಅಲ್ಲಿ ಒಟ್ಟಿಗೆ ಕಾಣುತ್ತವೆ.

ಅಂತಹ ಮನೆಗಳಿಂದಲೇ ವಿದ್ಯಾರ್ಥಿಗಳು ತರಗತಿಗೆ ಬರುತ್ತಾರೆ. ಗದಾಯುದ್ಧದ ಪದ್ಯದಲ್ಲಿರುವ ಅಲಂಕಾರದ ಹೆಸರನ್ನೂ ಕವಿಯ ಕಾಲವನ್ನೂ ಕೇಳಿ ಅಂಕಗಳನ್ನು ಕೊಟ್ಟರೆ ಅಧ್ಯಾಪಕನ ಕರ್ತವ್ಯವು ಮುಗಿಯುವುದಿಲ್ಲ. ಅದು ಕಥೆಯನ್ನು ಬಲ್ಲವಳು ಹೇಳದೆ ಉಳಿದಂತೆ. ಅಭಿನವಗುಪ್ತರು ಗಾನವಾದ್ಯಗಳನ್ನು ಮೊದಲಿಟ್ಟುದರ ಮರ್ಮವನ್ನು ಅರಿತು, ಪದ್ಯವನ್ನು ಮೊದಲು ಗಟ್ಟಿಯಾಗಿ ಓದಿಸಬೇಕು. ಹಿಂದೆ ಗಮಕಿಗಳು ಹಳ್ಳಿಯ ಜಗಲಿಗಳಲ್ಲಿ ಕುಮಾರವ್ಯಾಸನ ಭಾರತವನ್ನು ಓದುವಾಗ ಕೇಳುವವರ ಮನೆಯ ಚಿಂತೆಯು ಒಂದು ಯಾಮದ ಮಟ್ಟಿಗಾದರೂ ದೂರವಾಗುತ್ತಿದ್ದಿತು. ಓದಿದ ಬಳಿಕ ವಿದ್ಯಾರ್ಥಿಯು ಏನನ್ನು ಹೇಳುವನೋ ಅದನ್ನು ನಾಗನು ರಾಣಿಯ ಮಾತನ್ನು ಆಲಿಸಿದಂತೆ ಆಲಿಸಬೇಕು. ವ್ಯಾಕರಣ, ಛಂದಸ್ಸು, ಅಲಂಕಾರಗಳಿಗೆ ಅದಾದ ಮೇಲೆ ಬೇಕಾದಷ್ಟು ಹೊತ್ತಿದೆ. ಕಥೆಯು ಮರೆತುಹೋಗುವುದಕ್ಕೆ ಮಾತ್ರ ಹೆಚ್ಚು ಹೊತ್ತು ಬೇಕಾಗಿಲ್ಲ.